ಲವೇಜ್ ಬೇಕಾ, ಓಂಕಾಳು ಸಾಕಾ?

ಲವೇಜ್ ಅಂದರೆ ಯುರೋಪಿನಲ್ಲಿ ಅಡುಗೆಗೂ ಮದ್ದಿಗೂ ಬಳಸುವ ಒಂದು ಗಿಡ. ನಮ್ಮ ಓಂಕಾಳಿಗೂ ಇಂಗ್ಲಿಷಿನಲ್ಲಿ ಕೆಲವರು ಲವೇಜ್ ಅನ್ನುತ್ತಾರೆ, ಗೊಂದಲ ಶುರುವಾಗೋದೇ ಅಲ್ಲಿ. ಎರಡೂ ಕೊತ್ತಂಬರಿ ಕುಟುಂಬದವೇ, ಆದರೆ ಗಿಡ ಬೇರೆ. ಹೊಟ್ಟೆ ಉಬ್ಬರ, ಅಜೀರ್ಣ ಅಂದರೆ ನಾನಂತೂ ಓಂಕಾಳು ಕುದಿಸಿದ ನೀರನ್ನೇ ಹೇಳುತ್ತೇನೆ. ಓಂಕಾಳಿನ ಘಾಟು ಅದರ ಎಣ್ಣೆಯಲ್ಲಿರುವ ಥೈಮಾಲ್ ಅನ್ನೋ ಅಂಶದ್ದು. ಯುರೋಪಿನ ಲವೇಜ್‌ನಲ್ಲಿ ಮದ್ದಿಗೆ ಮುಖ್ಯವಾದದ್ದು ಬೇರು. ಜರ್ಮನಿಯಲ್ಲಿ ಒಣಗಿದ ಬೇರಿನ ಕಷಾಯವನ್ನು, ಮೂತ್ರ ಸಲೀಸಾಗಿ ಹೋಗಲಿ, ಸಣ್ಣಪುಟ್ಟ ಉರಿ ತಗ್ಗಲಿ ಅಂತ, ಜಾಸ್ತಿ ನೀರಿನ ಜೊತೆ ಕುಡಿಯುವ ರೂಢಿ ಇದೆ, ಅಜೀರ್ಣಕ್ಕೂ ಬಳಸುತ್ತಾರೆ. ಸೆಲರಿಯಂಥ ಪರಿಮಳದ ಎಲೆ ಸೂಪಿಗೆ ಹೋಗುತ್ತದೆ. ಆದರೆ ಬಸುರಿಯರು, ಕಿಡ್ನಿ ತೊಂದರೆ ಇರುವವರು, ಹೃದಯದ ಕಾಯಿಲೆಯಿಂದ ಕಾಲು ಊದಿದವರು ಬೇರಿನ ಕಷಾಯ ಮುಟ್ಟಲೇಬೇಡಿ. ಉರಿಮೂತ್ರದ ಜೊತೆ ಜ್ವರ, ಬೆನ್ನುನೋವು ಇದ್ದರೆ ಸುಮ್ನೆ ಮನೆಮದ್ದು ಮಾಡುತ್ತಾ ಕೂರದೆ ಡಾಕ್ಟರ ಹತ್ತಿರ ಹೋಗಿ.