ರನ್‌ಫ್ಲಾಟ್ ಬಿಟ್ಟು ಸಾಮಾನ್ಯ ಟೈರ್ ಹಾಕಿಸಿದ ಮೇಲೆ: ಐದು ವರ್ಷಗಳ ಬಳಕೆಯ ಅನುಭವ

ನನ್ನದು ಎರಡೇ ಆಸನಗಳ, ಹಿಂದಿನ ಚಕ್ರಗಳಿಗೆ ಶಕ್ತಿ ಹೋಗುವ ಸ್ಪೋರ್ಟ್ಸ್ ಕಾರು. ಕಾರ್ಖಾನೆಯಿಂದಲೇ ರನ್‌ಫ್ಲಾಟ್ ಟೈರ್‌ಗಳೊಂದಿಗೆ ಬಂದದ್ದರಿಂದ ಡಿಕ್ಕಿಯಲ್ಲಿ ಸ್ಟೆಪ್ನಿಯಿಲ್ಲ, ಅದನ್ನಿಡಲು ಜಾಗವೂ ಇಲ್ಲ, ಜಾಕ್ ಅನ್ನೂ ಕೊಟ್ಟಿರಲಿಲ್ಲ. ಮುಂದಿನ ಟೈರ್‌ಗಳ ಅಳತೆ 225/40 ಆರ್18, ಹಿಂದಿನವುಗಳದು 255/35 ಆರ್18. ಮೊದಲ ಎರಡೂವರೆ ವರ್ಷ ರನ್‌ಫ್ಲಾಟ್ ಮೇಲೆ ಸುಮಾರು 24,000 ಕಿ.ಮೀ., ಅನಂತರದ ಎರಡೂವರೆ ವರ್ಷ ಸಾಮಾನ್ಯ ಟೈರ್ ಮೇಲೆ ಸುಮಾರು 21,000 ಕಿ.ಮೀ. ಓಡಿಸಿದ್ದೇನೆ. ಕಾರು, ರಿಮ್, ಓಡಿಸುವವನು ಎಲ್ಲವೂ ಅವೇ.

ರನ್‌ಫ್ಲಾಟ್ ಎಂದರೆ ಪಂಕ್ಚರ್ ಆಗದ ಟೈರ್ ಎಂದು ತಿಳಿದವರು ಈಗಲೂ ಇದ್ದಾರೆ. ಮೊಳೆ ಅದಕ್ಕೂ ಚುಚ್ಚುತ್ತದೆ, ಗಾಳಿ ಅದರಿಂದಲೂ ಹೋಗುತ್ತದೆ. ಅದರ ಪಕ್ಕದ ಗೋಡೆಯೊಳಗೆ ಗಟ್ಟಿ ರಬ್ಬರಿನ ಹೆಚ್ಚುವರಿ ಪದರವಿರುವುದರಿಂದ, ಗಾಳಿ ಪೂರ್ತಿ ಹೋದ ಮೇಲೂ ಆ ಗೋಡೆಯೇ ಕಾರಿನ ಭಾರವನ್ನು ಹೊತ್ತು ನಿಲ್ಲುತ್ತದೆ, ಅಷ್ಟೆ. ಹೀಗೆ ಹೊರುವುದಕ್ಕೂ ಮಿತಿಯಿದೆ: ಸಾಮಾನ್ಯವಾಗಿ ಗಂಟೆಗೆ 80 ಕಿ.ಮೀ. ವೇಗ ಮೀರದಂತೆ 80 ಕಿ.ಮೀ. ದೂರ.

ಆ ಸೌಲಭ್ಯ ನನಗೆ ಒಮ್ಮೆ ಪೂರ್ತಿಯಾಗಿ ಒದಗಿತು. ಮಳೆಯ ರಾತ್ರಿ, ಮೀಟರಿನಲ್ಲಿ ಗಾಳಿಯ ಒತ್ತಡದ ದೀಪ ಹೊತ್ತಿಕೊಂಡಿತು. ಇಳಿದು ನೋಡಿದರೆ ನಾಲ್ಕೂ ಟೈರ್‌ಗಳು ತುಂಬಿಕೊಂಡಂತೆಯೇ ಕಾಣುತ್ತಿದ್ದವು. ಗೇಜ್ ಹಚ್ಚಿದಾಗಲೇ ಬಲಗಡೆಯ ಹಿಂದಿನ ಟೈರಿನಲ್ಲಿ ಗಾಳಿಯೇ ಇಲ್ಲವೆಂದು ತಿಳಿದದ್ದು. ಒತ್ತಡ ತಿಳಿಸುವ ವ್ಯವಸ್ಥೆ ಕೆಲಸ ಮಾಡದ ಕಾರಿಗೆ ಈ ಟೈರ್ ಹಾಕಿಸಲೇಬಾರದು ಎನ್ನುವುದು ಇದೇ ಕಾರಣಕ್ಕೆ. ನೆನೆಯದೆ, ಯಾರಿಗೂ ಫೋನ್ ಮಾಡದೆ, ನಿಧಾನವಾಗಿ 35 ಕಿ.ಮೀ. ಓಡಿಸಿಕೊಂಡು ಮನೆ ಸೇರಿದೆ.

ಲೆಕ್ಕ ಚುಕ್ತಾ ಮಾಡಬೇಕಾದದ್ದು ಮರುದಿನ. ಟೈರ್ ಅಂಗಡಿಯವರು ಅದನ್ನು ಬಿಚ್ಚಿ, ಒಳಗೆ ಟಾರ್ಚ್ ಬಿಟ್ಟು, ಗೋಡೆಯ ಒಳಮೈ ಮೇಲೆ ಬೆರಳಾಡಿಸಿದರು. ಉಜ್ಜಿ ಉದುರಿದ ರಬ್ಬರಿನ ಪುಡಿ ಕಾಡಿಗೆಯಂತೆ ಬೆರಳಿಗೆ ಮೆತ್ತಿಕೊಂಡಿತು. ಮೊಳೆಯ ತೂತು ಟ್ರೆಡ್‌ನ, ಅಂದರೆ ರಸ್ತೆಗೆ ತಾಗುವ ಮೇಲ್ಮೈಯ, ನಟ್ಟನಡುವೆ, 3 ಮಿ.ಮೀ. ಕೂಡ ಇರಲಿಲ್ಲ. ಆದರೆ ಗಾಳಿಯಿಲ್ಲದೆ ಓಡಿದ ಗೋಡೆ ಒಳಗೊಳಗೇ ಎಷ್ಟು ಬಳಲಿದೆ ಎಂಬುದನ್ನು ಹೊರಗಿನಿಂದ ಅಳೆಯಲಾಗದ ಕಾರಣ ಪ್ಯಾಚ್ ಹಾಕುವುದಿಲ್ಲ ಎಂದುಬಿಟ್ಟರು. ನನಗೆ ಸಿಟ್ಟು ಬಂತು. ಅವರು ಹೇಳಿದ್ದು ಸರಿಯೆಂದು ಈಗ ಒಪ್ಪುತ್ತೇನೆ. ಜೊತೆಯ ಟೈರ್ ಬಹಳ ಸವೆದಿತ್ತು, ಮುಂದಿನವೂ ಹೆಚ್ಚುಕಡಿಮೆ ಅದೇ ಸ್ಥಿತಿಯಲ್ಲಿದ್ದವು. ಹೀಗೆ ಒಂದು ಮೊಳೆಯಿಂದಾಗಿ ನಾಲ್ಕೂ ಟೈರ್‌ಗಳ ಆಯ್ಕೆಯ ಪ್ರಶ್ನೆ ಎದುರಾಯಿತು, ನಾನು ಸಾಮಾನ್ಯ ಟೈರ್‌ಗಳತ್ತ ವಾಲಿದೆ.

ಬಿಚ್ಚಿದ ಹಿಂದಿನ ಟೈರನ್ನೂ ಅದೇ ಅಳತೆಯ ಹೊಸ ಸಾಮಾನ್ಯ ಟೈರನ್ನೂ ತಕ್ಕಡಿಗೆ ಹಾಕಿ ನೋಡಿದೆ. ಸವೆದು ಹೋಗಿದ್ದ ಹಳೆಯದೇ ಸುಮಾರು 2 ಕಿಲೋ ಹೆಚ್ಚು ತೂಗಿತು. ಈ ಭಾರವನ್ನು ಸ್ಪ್ರಿಂಗ್ ಹೊರುವುದಿಲ್ಲ, ಚಕ್ರದ ಜೊತೆಗೇ ಅದು ಏಳುತ್ತದೆ, ಬೀಳುತ್ತದೆ. ರಸ್ತೆಯಲ್ಲಿ ಇದರ ಅರ್ಥ ಬೇಗನೆ ತಿಳಿಯಿತು. ಸೇತುವೆಯ ಜೋಡಣೆಗಳ ಮೇಲೆ ಹಾಯುವಾಗ ಬೆನ್ನಿಗೆ ನೇರವಾಗಿ ಬರುತ್ತಿದ್ದ ಏಟು ಈಗ ಮೆತ್ತಗಿನ ಸದ್ದಾಗಿ ಮುಗಿಯುತ್ತದೆ. ತಿರುವಿನ ನಡುವೆ ಉಬ್ಬು ಸಿಕ್ಕರೆ ಹಿಂಭಾಗ ಪಕ್ಕಕ್ಕೆ ಕುಪ್ಪಳಿಸುತ್ತಿದ್ದುದು ನಿಂತಿದೆ. ಮಧ್ಯ ತಿರುವಿನಲ್ಲೂ ಧೈರ್ಯವಾಗಿ ಆಕ್ಸಿಲರೇಟರ್ ಒತ್ತಬಹುದು. ಹೊಸ ಟೈರ್ ಯಾವುದಾದರೂ ಸವೆದ ಟೈರಿಗಿಂತ ಮೆತ್ತಗಿರುತ್ತದೆಂಬುದು ನಿಜ. ಆದರೆ ಎರಡು ವರ್ಷ ಸವೆದ ಮೇಲೂ ಈ ವ್ಯತ್ಯಾಸ ಉಳಿದಿದೆ.

ಕಳೆದುಕೊಂಡದ್ದು ಒಂದಿದೆ. ಸ್ಟೀರಿಂಗ್ ತಿರುಗಿಸಿದ ಮೊದಲ ಕ್ಷಣದ ಚುರುಕು ರನ್‌ಫ್ಲಾಟ್‌ನಲ್ಲಿ ತುಸು ಹೆಚ್ಚಿತ್ತು. ಅದರ ಗಟ್ಟಿ ಗೋಡೆಯನ್ನು ಲೆಕ್ಕಕ್ಕೆ ತೆಗೆದುಕೊಂಡೇ ಸಸ್ಪೆನ್ಷನ್ ಹೊಂದಿಸಿದ ಕಾರಿನಲ್ಲಿ ಹೀಗಾಗುವುದು ಸಹಜ. ಒಂದು ವಾರದಲ್ಲಿ ಕೈಗೆ ಅಭ್ಯಾಸವಾಯಿತು.

ಸಾಮಾನ್ಯ ಟೈರ್ ಮೇಲೆ ಈವರೆಗೆ ಎರಡು ಪಂಕ್ಚರ್ ಆಗಿವೆ. ಮೊದಲನೆಯದು ಮೊಳೆ; ದೀಪ ಹೊತ್ತಿದ ಕೂಡಲೇ ನಿಲ್ಲಿಸಿ, ಸಣ್ಣ ಕಂಪ್ರೆಸರ್‌ನಿಂದ ಗಾಳಿ ತುಂಬಿ, ಹತ್ತಿರದ ಅಂಗಡಿಗೆ ಹೋಗಿ ಒಳಗಿನಿಂದ ಪ್ಯಾಚ್ ಹಾಕಿಸಿದೆ. ಆ ಟೈರ್ ಇಂದಿಗೂ ಓಡುತ್ತಿದೆ. ಎರಡನೆಯದರಲ್ಲಿ ಗುಂಡಿಯ ಚೂಪು ಅಂಚು ತಗುಲಿ ಪಕ್ಕದ ಗೋಡೆ ಎರಡು ಬೆರಳಗಲ ಸೀಳಿತು. ಬಾಟಲಿಯ ಸೀಲೆಂಟ್ (ತೂತು ಮುಚ್ಚಲು ಟೈರಿನೊಳಗೆ ಬಿಡುವ ದ್ರವ) ಟ್ರೆಡ್‌ನ ಸಣ್ಣ ತೂತಿಗಷ್ಟೇ ಔಷಧ. ಗೊತ್ತಿದ್ದೂ ಒತ್ತಿದೆ, ಬಿಳಿ ನೊರೆ ಸೀಳಿನಿಂದ ರಸ್ತೆಗೆ ಹರಿಯಿತು. ಎಳೆದೊಯ್ಯುವ ಗಾಡಿಗಾಗಿ ಕತ್ತಲಲ್ಲಿ ಎರಡೂವರೆ ಗಂಟೆ ಕಾದೆ. ರನ್‌ಫ್ಲಾಟ್ ಆಗಿದ್ದರೆ ಬಹುಶಃ ಮೆಲ್ಲಗೆ ಮನೆ ಸೇರುತ್ತಿದ್ದೆ. ಬಹುಶಃ ಎನ್ನುತ್ತೇನೆ, ಏಕೆಂದರೆ ಗೋಡೆಯೇ ಸೀಳಿದಾಗ ಅದಕ್ಕೂ ಖಾತರಿಯಿಲ್ಲ.

ಬದಲಿಸಲು ಹೊರಟವರು ಮೊದಲು ಟೈರಿನ ಮೇಲಿನ ಅಕ್ಷರಗಳನ್ನು ಓದಿಕೊಳ್ಳಬೇಕು. ಬ್ರಿಜ್‌ಸ್ಟೋನ್ ಆರ್‌ಎಫ್‌ಟಿ ಎಂದೂ ಮಿಶೆಲಿನ್ ಝೆಡ್‌ಪಿ ಎಂದೂ ಕಾಂಟಿನೆಂಟಲ್ ಎಸ್‌ಎಸ್‌ಆರ್ ಎಂದೂ ಬರೆಯುವುದು ಒಂದೇ ಬಗೆಯ ಟೈರನ್ನು. ಎರಡು ರನ್‌ಫ್ಲಾಟ್, ಎರಡು ಸಾಮಾನ್ಯ ಎಂಬ ಬೆರಕೆಯನ್ನು ಮಾತ್ರ ಯಾರು ಹೇಳಿದರೂ ಮಾಡಬೇಡಿ. ಕಾರಿನ ಎರಡು ತುದಿಗಳು ಎರಡು ಬಗೆಯಲ್ಲಿ ವರ್ತಿಸತೊಡಗುತ್ತವೆ. ರನ್‌ಫ್ಲಾಟ್‌ನಲ್ಲೇ ಉಳಿಯುವುದಾದರೆ, ಗೋಡೆ ಗಟ್ಟಿಯಾದ್ದರಿಂದ ಟೈರನ್ನು ರಿಮ್‌ಗೆ ಏರಿಸಲು ಸಹಾಯಕ ತೋಳುಳ್ಳ ಯಂತ್ರವಿರುವ ಅಂಗಡಿಗೇ ಹೋಗಿ. ಮಾಮೂಲಿ ಯಂತ್ರದಲ್ಲಿ ಬಲವಂತ ಮಾಡಿ ಏರಿಸಿದರೆ ವಾಲ್ವ್ ಬಳಿಯ, ಗಾಳಿಯ ಒತ್ತಡ ಅಳೆಯುವ ಸೆನ್ಸರ್ ಮುರಿಯಬಹುದು.

ಹಿಂದಿನ ಟ್ರೆಡ್ ಈಗ 3 ಮಿ.ಮೀ.ಗೆ ಇಳಿದಿದೆ, ಮತ್ತೆ ಆಯ್ಕೆಯ ಸಮಯ. ನಾನೊಬ್ಬನೇ ಓಡಿಸುವಷ್ಟು ದಿನ ಸಾಮಾನ್ಯ ಟೈರನ್ನೇ ಹಾಕಿಸುತ್ತೇನೆ. ರಾತ್ರಿ ಒಬ್ಬರೇ ನಿರ್ಜನ ದಾರಿಯಲ್ಲಿ ಹೋಗಬೇಕಾದವರು ಯಾರಾದರೂ ಈ ಕಾರನ್ನು ನಿತ್ಯ ಬಳಸುವುದಾಗಿದ್ದರೆ, ಬೆನ್ನಿಗೆ ಬೀಳುವ ಏಟನ್ನು ಸಹಿಸಿಕೊಂಡು ರನ್‌ಫ್ಲಾಟ್ ಹಾಕಿಸುತ್ತಿದ್ದೆ. ಕಂಪ್ರೆಸರ್ ಚೆನ್ನಾಗಿದೆ. ಅಂದು ರಸ್ತೆಗೆ ಸುರಿದುಹೋದ ಸೀಲೆಂಟ್‌ನ ಬದಲಿ ಬಾಟಲಿ ಇನ್ನೂ ತಂದಿಲ್ಲ. ಟೈರಿನ ಜೊತೆಗೇ ಅದನ್ನೂ ಕೊಳ್ಳಬೇಕು.