ಚೇಂಬರ್ಸ್ ಡಿಕ್ಷನರಿ: ನಮ್ಮ ಮನೆಯ ಪಂಚರು

ಹೋದ ತಿಂಗಳು ನಾಲ್ಕು ಅಕ್ಷರದ ಒಂದು ಪದಕ್ಕೆ ನನಗೂ ಮಾವನವರಿಗೂ ಜಗಳವಾಯಿತು. ಮಾವನವರ ಜೊತೆ ಕಾಲೇಜಿನಲ್ಲಿ ಇಂಗ್ಲಿಷ್ ಪಾಠ ಮಾಡುತ್ತಿದ್ದ ಸ್ನೇಹಿತರೊಬ್ಬರು ಈಗ ಬಳ್ಳಾರಿಯಲ್ಲಿದ್ದಾರೆ. ತಿಂಗಳಿಗೊಂದು ಇಂಗ್ಲಿಷ್ ಕ್ರಿಪ್ಟಿಕ್ ಪದಬಂಧ, ಅಂದರೆ ಒಗಟಿನಂಥ ಸುಳಿವುಗಳ ಪದಬಂಧ ಕಟ್ಟಿ ರಾಯಚೂರಿಗೆ ಅಂಚೆಯಲ್ಲಿ ಕಳಿಸುತ್ತಾರೆ. ರಾತ್ರಿ ಊಟವಾದ ಮೇಲೆ ನಾವಿಬ್ಬರೂ ಅದರ ಮುಂದೆ ಕೂರುತ್ತೇವೆ.

ಆ ಸುಳಿವು ಹೀಗಿತ್ತು: ‘ಆ್ಯರಿಡ್, ಪ್ಲೌಡ್ ಫಾರ್ ಗ್ರೇನ್’. ‘ಆ್ಯರಿಡ್’ ಅಂದರೆ ಒಣ. ಆ ಒಣ ನೆಲವನ್ನು ಉತ್ತರೆ ಕಾಳು ಬರಬೇಕು. ಅಂದರೆ ಎ, ಆರ್, ಐ, ಡಿ ಈ ನಾಲ್ಕನ್ನು ಕಲಸಿ ಒಂದು ಧಾನ್ಯದ ಹೆಸರು ಮಾಡಬೇಕು. ಮೊದಲನೆಯದು ಡಿ, ಮೂರನೆಯದು ಆರ್ ಅಂತ ಅಡ್ಡ ಬರುವ ಪದಗಳಿಂದ ಸಿಕ್ಕಿತ್ತು. ಉಳಿದದ್ದು ಎ ಮತ್ತು ಐ. ಯಾವುದು ಎಲ್ಲಿ? ಹೇಗೆ ಬರೆದರೂ ನಾವು ಕೇಳಿದ ಪದ ಆಗಲಿಲ್ಲ.

“ಇದು ಮೋಸ ಅದ, ಅವ್ವಾ,” ಅಂದರು ಮಾವ. ಸುಳಿವಿನಲ್ಲಿ ಎಲ್ಲ ಇದೆಯಲ್ಲ ಅಂತ ನಾನು. ಕೊನೆಗೆ ಚೇಂಬರ್ಸ್ ತೆಗೆದೆ. ಡಿ-ಎ-ಆರ್-ಐ, ಡಾರಿ. ‘ಡುರ್ರಾ’ ಅನ್ನುವ ಧಾನ್ಯಕ್ಕೆ ಇನ್ನೊಂದು ಹೆಸರು. ಡುರ್ರಾ ಅಂದರೆ ಯಾವುದು ಗೊತ್ತಾ? ನಮ್ಮ ಜೋಳ! ಅದೇ ಹೊತ್ತಿಗೆ ಅಡುಗೆಮನೆಯ ಬುಟ್ಟಿಯಲ್ಲಿ ರೊಟ್ಟಿಯಾಗಿ ಕೂತಿತ್ತು. ಒಣ ನೆಲದಲ್ಲೇ ಬೆಳೆಯುವ ಬೆಳೆಗೆ ‘ಆ್ಯರಿಡ್’ ಪದವನ್ನೇ ಉತ್ತಿದ್ದಾರೆ. ಎಂಥಾ ಚೆಂದ ಅಲ್ವಾ!

ಈ ಡಿಕ್ಷನರಿ ನನಗೆ ಸಿಕ್ಕಿದ್ದು ಹೈದರಾಬಾದಿನಲ್ಲಿ. ಅಬಿಡ್ಸ್‌ನಲ್ಲಿ ಭಾನುವಾರ ಫುಟ್‌ಪಾತ್ ಮೇಲೆ ಹಳೆ ಪುಸ್ತಕ ಹರಡುತ್ತಾರೆ. ಅಲ್ಲಿ 250 ರೂಪಾಯಿಗೆ ಕೊಂಡು, ರೈಲಿನಲ್ಲಿ ರಾಯಚೂರಿನವರೆಗೂ ತೊಡೆ ಮೇಲೆ ಇಟ್ಟುಕೊಂಡು ಬಂದೆ. 1983ರ ಆವೃತ್ತಿ. ಚೇಂಬರ್ಸ್ ಪ್ರಕಾಶನದವರು ಈ ಡಿಕ್ಷನರಿಯನ್ನು ಮೊದಲು ತಂದದ್ದು 1901ರಲ್ಲಿ, 13ನೇ ಆವೃತ್ತಿ ಬಂದದ್ದು 2014ರಲ್ಲಿ. ಹಳೆಯದೇ ಸಾಕು ಅನ್ನೋದು ನನ್ನ ಅನುಭವ.

ಹುಡುಕೋಕೆ ಸ್ವಲ್ಪ ತಾಳ್ಮೆ ಬೇಕು. ಒಂದು ಮೂಲಪದದಿಂದ ಹುಟ್ಟಿದ ಪದಗಳನ್ನೆಲ್ಲ ಅದರ ಕೆಳಗೇ ಒತ್ತಾಗಿ ಅಚ್ಚು ಹಾಕಿದ್ದಾರೆ. ಒಂದು ಪದ ನೋಡೋಕೆ ಹೋದರೆ ಅದರ ಇಡೀ ಮನೆತನ ಕಾಣಿಸುತ್ತದೆ. ಸ್ಕಾಟ್‌ಲೆಂಡಿನ ಮಾತು, ಹಳೇ ಕವಿಗಳ ಪದ, ನಮ್ಮ ‘ರಾಗಿ’, ‘ಜೋವಾರ್’ ಎಲ್ಲ ಇವೆ. ನಡುವೆ ನಗೆಯೂ ಉಂಟು. ಎಕ್ಲೇರ್ ಅನ್ನುವ ಕೇಕಿಗೆ ಅರ್ಥ ಕೊಡುವಾಗ, ಉದ್ದ ಇದ್ದರೂ ಹೆಚ್ಚು ಹೊತ್ತು ಉಳಿಯದ್ದು ಅಂತ ಬರೆದಿದ್ದಾರೆ.

ಕ್ರಿಪ್ಟಿಕ್ ಗೊತ್ತಿಲ್ಲದವರಿಗೆ ನಮ್ಮೂರಿನದೇ ಒಂದು ಉದಾಹರಣೆ ಕೊಡುತ್ತೇನೆ. ‘ದೊರೆಗೆ ಒಂದು ತುಂಡು ಸೇರಿದರೆ ಹತ್ತಿ ಮಾರುಕಟ್ಟೆಯ ಊರು’. ದೊರೆ ರಾಯ, ತುಂಡು ಚೂರು. ರಾಯಚೂರು! ಒಂದು ಕಡೆ ಅರ್ಥ, ಇನ್ನೊಂದು ಕಡೆ ಪದ ಕಟ್ಟುವ ದಾರಿ. ಎರಡೂ ಒಂದೇ ಉತ್ತರಕ್ಕೆ ಬರಬೇಕು, ನಡುವೆ ಬೇಡದ ಪದ ಇರಬಾರದು. ಲಂಡನ್ನಿನ ‘ಅಬ್ಸರ್ವರ್’ ಪತ್ರಿಕೆಗೆ 1939ರಿಂದ ಪದಬಂಧ ಕಟ್ಟಿದ ಜಿಮೆನೀಸ್ ಹಿಡಿದ ನಿಯಮ ಇದು. ಅವರು ಶಾಲಾ ಮೇಷ್ಟ್ರು. ಅವರ ನಂತರ 1972ರಲ್ಲಿ ಬಂದವರು ಅಜೆಡ್. ಸ್ಪೇನಿನ ಧರ್ಮವಿಚಾರಣೆಯ ಅಧಿಕಾರಿ ಡೆಜಾನ ಹೆಸರನ್ನು ತಿರುಗಿಸಿ ಇಟ್ಟುಕೊಂಡ ಹೆಸರು ಅದು. ಅವರ ಪದಬಂಧ ಬಿಡಿಸೋಕೆ ಶಿಫಾರಸು ಮಾಡಿದ್ದೂ ಚೇಂಬರ್ಸನ್ನೇ.

ತಿರುಗಿಸೋದು ನ್ಯಾಯವೇ. ‘ತಿರುಗಿ ನಿಂತ ಆನೆಯೇ ಲೋಕ’ ಅಂದರೆ ಗಜ ತಿರುಗಿ ಜಗ ಆಗುತ್ತದೆ. ಆನೆಗೆ ಇನ್ನೊಂದು ಪದ ನಾವೇ ಯೋಚಿಸಬೇಕು, ನಿಜ. ಆದರೆ ತಿರುಗಿಸೋಕೆ ಒಂದೇ ದಾರಿ ಇರೋದು. ಹಾಗಲ್ಲದೆ ಆರೇಳು ಅಕ್ಷರದ ಪದ ಒಂದನ್ನು ನಾವೇ ಊಹಿಸಿ, ಆಮೇಲೆ ಅದರ ಅಕ್ಷರಗಳನ್ನೂ ಕಲಸಿ ಅಂದರೆ ಅದು ನ್ಯಾಯ ಅಲ್ಲ. ನಾನು ಕೊಂಡಿದ್ದ ಒಂದು ಪದಬಂಧದ ಪುಸ್ತಕದಲ್ಲಿ ಇಂಥವು ಪುಟಕ್ಕೆ ಎರಡು ಇದ್ದವು. ಉತ್ತರ ನೋಡಿದ ಮೇಲೂ ಸುಳಿವು ಅರ್ಥವಾಗುತ್ತಿರಲಿಲ್ಲ. ಅದನ್ನು ಅರ್ಧಕ್ಕೇ ಬಿಟ್ಟೆ.

ನಿಯಮ ಬಿಗಿಯಾದರೆ ಆಟದ ಮಜಾ ಹೋಗುತ್ತದೆ ಅಂತ ಕೆಲವರು ಹೇಳುತ್ತಾರೆ. ರಾಯಚೂರಿನಲ್ಲಿ ಕೂತು ನೋಡಿದರೆ ನನಗೆ ಹಾಗೆ ಅನಿಸೋದಿಲ್ಲ. ಸುಳಿವಿನಲ್ಲಿ ‘ಆರ್ಟಿಸ್ಟ್’ ಅಂತ ಇದ್ದರೆ ಉತ್ತರದಲ್ಲಿ ಆರ್-ಎ ಅಕ್ಷರ ಬರಬಹುದು, ಅಂದರೆ ಲಂಡನ್ನಿನ ಕಲಾ ಸಂಸ್ಥೆ ರಾಯಲ್ ಅಕಾಡೆಮಿಯ ಸದಸ್ಯ. ‘ಸೇಲರ್’ ಅಂದರೆ ಎ-ಬಿ, ಏಬಲ್-ಬಾಡೀಡ್ ಅನ್ನುವ ದರ್ಜೆಯ ನಾವಿಕ. ನಾನು ಲಂಡನ್ ನೋಡಿಲ್ಲ, ಸಮುದ್ರದ ಪಕ್ಕದ ಊರೂ ನನ್ನದಲ್ಲ. ಆದರೆ ಇವೆರಡೂ ಚೇಂಬರ್ಸ್‌ನಲ್ಲಿ ಇವೆ. ಅಲ್ಲಿ ಇರೋದನ್ನು ಯಾರು ಕೇಳಿದರೂ ನನಗೆ ಬೇಜಾರಿಲ್ಲ. ಲಂಡನ್ನಿನವರಿಗೆ ಎಷ್ಟು ಸಿಗುತ್ತದೋ ನನಗೂ ಅಷ್ಟೇ ಸಿಗುತ್ತದೆ. ಅಲ್ಲಿನ ಟೀವಿ ನಿರೂಪಕನ ಅಡ್ಡಹೆಸರು ಕೇಳಿದರೆ ಮಾತ್ರ ನಾನು ಹೊರಗೇ ನಿಲ್ಲಬೇಕು.

ಡಾರಿಯ ವಿಷಯಕ್ಕೆ ಬರುತ್ತೇನೆ. ಪದ ಡಿಕ್ಷನರಿಯಲ್ಲಿ ಇತ್ತು, ಹಾಗಾಗಿ ಆ ರಾತ್ರಿ ನಾನು ಗೆದ್ದೆ. ಆದರೆ ಮಲಗಿದ ಮೇಲೂ ಮಾವನವರ ಮಾತು ಬಿಡಲಿಲ್ಲ. ಗೊತ್ತಿಲ್ಲದ ಪದಕ್ಕೆ ಅಕ್ಷರ ಮಾತ್ರ ಕೊಟ್ಟು ಕಲಸಿ ಅಂದರೆ, ಅವು ನಿಲ್ಲುವ ಕ್ರಮವನ್ನು ಸುಳಿವು ಹೇಳೋದೇ ಇಲ್ಲ. ಡಿಕ್ಷನರಿ ಇರೋದು ಬಂದ ಉತ್ತರ ಸರಿಯಾ ಅಂತ ನೋಡೋಕೆ. ಉತ್ತರವನ್ನೇ ಅದರಲ್ಲಿ ಹುಡುಕುವ ಹಾಗೆ ಆಗಬಾರದು. ಪದ ಅಪರೂಪದ್ದಾದಷ್ಟೂ ದಾರಿ ಸುಲಭ ಇರಬೇಕು. ಮಾವನವರು ಹೇಳಿದ್ದೇ ಸರಿ. ಬೆಳಿಗ್ಗೆ ಅವರಿಗೆ ಹಾಗೇ ಹೇಳಿದೆ. ಇದನ್ನೇ ಬಳ್ಳಾರಿಗೂ ಬರೆದೆವು.

ಎಂಟು ದಿನಕ್ಕೆ ಕಾರ್ಡ್ ಬಂತು. ಬೇರೆ ಮಾತೇ ಇಲ್ಲ, ಅದೇ ಪದಕ್ಕೆ ಹೊಸ ಸುಳಿವು: ‘ಗ್ರೇನ್ ಇನ್‌ಸೈಡ್ ಮ್ಯಾಂಡರಿನ್’. ಮಾವ ಕನ್ನಡಕ ಏರಿಸಿ ಎಂ-ಎ-ಎನ್-ಡಿ-ಎ-ಆರ್-ಐ-ಎನ್ ಅಂತ ಒಂದೊಂದೇ ಅಕ್ಷರ ಬಿಡಿಸಿ ಬರೆದರು. ಅದರೊಳಗಿನ ಡಿ-ಎ-ಆರ್-ಐ ಸುತ್ತ ಪೆನ್ಸಿಲ್ಲಿನಿಂದ ಗೆರೆ ಎಳೆದು, “ಈಗ ಬರೋಬ್ಬರಿ ಅದ ನೋಡವ್ವಾ,” ಅಂದರು.