ಗುನುಗುವಂಥ ಗಿಟಾರ್ ಎಲ್ಲಿ ಸಿಗುತ್ತೆ? ನಾಲ್ಕು ದಾರಿಗಳ ಹೋಲಿಕೆ

ನನಗೆ ಬೇಕಿದ್ದದ್ದು ಹಾಡುಗಾರಿಕೆ ಇಲ್ಲದ, ಆದರೆ ರಾಗ ಇರುವ ಅಕೌಸ್ಟಿಕ್ ಗಿಟಾರ್. ಪರೀಕ್ಷೆ ಸರಳ. ರಾತ್ರಿ ಕೇಳಿದ ಟ್ಯೂನ್ ಬೆಳಿಗ್ಗೆ ತಾನಾಗಿ ಬಾಯಿಗೆ ಬಂದರೆ ಪಾಸ್. ಇಲ್ಲದಿದ್ದರೆ, ಎಷ್ಟೇ ಇಂಪಾಗಿದ್ದರೂ, ಫೇಲ್.

ಮೊದಲು ಆ್ಯಪ್‌ಗಳ ಮೂಡ್ ಪ್ಲೇಲಿಸ್ಟ್. ಓದೋದಕ್ಕೊಂದು, ನಿದ್ದೆಗೊಂದು, ಮಳೆಗೊಂದು ಪಟ್ಟಿ. ಕೆಲಸ ಮಾಡುವಾಗ ಚೆನ್ನಾಗಿಯೇ ಇರುತ್ತವೆ. ಆದರೆ ಎಲ್ಲದರಲ್ಲೂ ಅದೇ ಮೆತ್ತಗಿನ ಮೀಟು, ಅದೇ ಗುಂಯ್‌ಗುಡುವ ರಿವರ್ಬ್, ಅಂದರೆ ಮಾರ್ದನಿ. ಒಂದು ಮುಗಿದು ಇನ್ನೊಂದು ಶುರುವಾಗಿದ್ದೇ ತಿಳಿಯುವುದಿಲ್ಲ. ತಿಳಿಯಬಾರದು ಅಂತಲೇ ಹಾಗೆ ಜೋಡಿಸುತ್ತಾರೆ, ಅಲ್ವಾ? ಬೆಳಿಗ್ಗೆ ಒಂದೂ ನೆನಪಿಲ್ಲ.

ಎರಡನೆಯದು ವಿಡಿಯೊ. ಇಲ್ಲಿ ಕಣ್ಣು ಕಿವಿಗೆ ಮೋಸ ಮಾಡುತ್ತದೆ. 2006ರಲ್ಲಿ ಅಮೆರಿಕದ ಗಿಟಾರ್ ವಾದಕ ಆ್ಯಂಡಿ ಮೆಕ್ಕೀ ವಿಡಿಯೊಗಳು ಹಬ್ಬಿದ ಮೇಲೆ ಗಿಟಾರ್‌ನ ಮೈಯನ್ನೇ ಡ್ರಮ್ ಮಾಡಿಕೊಂಡು ಬಡಿಯುವವರು ಜಾಸ್ತಿಯಾದರು. ಮೆಕ್ಕೀ ಬಡಿತದ ಒಳಗೆ ಟ್ಯೂನ್ ಇದೆ. ಅವರ ನಂತರ ಬಂದ ಹಲವರಲ್ಲಿ ಬಡಿತ ಮಾತ್ರ ಉಳಿದಿದೆ. ನಾನು ಫೋನ್ ಮಗುಚಿಟ್ಟು ಬರೀ ಕಿವಿಯಲ್ಲಿ ಕೇಳತೊಡಗಿದೆ. ಅರ್ಧಕ್ಕರ್ಧ ಅಲ್ಲೇ ಉದುರಿಹೋದವು. ಆದರೆ ಕೊರಿಯಾದ ಸುಂಗಾ ಜಂಗ್ ನುಡಿಸಿದ್ದನ್ನು ಹಿಡಿದು ಜಪಾನಿನ ಮಸಾಕಿ ಕಿಶಿಬೆ ತನಕ ಹೋದದ್ದು ಈ ದಾರಿಯಲ್ಲೇ. ಕಿಶಿಬೆ ಟ್ಯೂನ್‌ಗಳು ಹಾಡಿನ ಹಾಗೆಯೇ ಇವೆ. ಪದ ಮಾತ್ರ ಇಲ್ಲ.

ಮೂರನೆಯದೇ ನನ್ನ ಆಯ್ಕೆ: ಒಬ್ಬ ವಾದಕ ಇಷ್ಟವಾದರೆ ಅವರ ರೆಕಾರ್ಡ್ ಲೇಬಲ್ಲನ್ನು (ಆಲ್ಬಮ್ ಹೊರತರುವ ಕಂಪನಿಯನ್ನು), ಅವರು ಯಾರಿಂದ ಕಲಿತರು ಅನ್ನೋದನ್ನು ಹುಡುಕಿಕೊಂಡು ಹೋಗುವುದು. ಸ್ವಲ್ಪ ಶ್ರಮ ಇದೆ, ಆದರೆ ಕೈ ತುಂಬಾ ಸಿಗುತ್ತದೆ. ಗಿಟಾರ್ ವಾದಕ ವಿಲ್ ಆ್ಯಕರ್‌ಮನ್ 1976ರಲ್ಲಿ ಶುರುಮಾಡಿದ ವಿಂಡಮ್ ಹಿಲ್ ಲೇಬಲ್ ತೆಗೆದುಕೊಳ್ಳಿ. ಅದೇ ಬಾಗಿಲಲ್ಲಿ ಆ್ಯಕರ್‌ಮನ್ ಅವರ ಕಸಿನ್ ಅಲೆಕ್ಸ್ ಡಿ ಗ್ರಾಸಿ ಸಿಗುತ್ತಾರೆ, ಮೈಕೆಲ್ ಹೆಜಸ್ ಸಿಗುತ್ತಾರೆ. ಹೆಜಸ್‌ರ 1984ರ 'ಏರಿಯಲ್ ಬೌಂಡರೀಸ್' ಕೇಳಿದರೆ ಇಬ್ಬರು ನುಡಿಸುತ್ತಿದ್ದಾರೆ ಅನಿಸುತ್ತದೆ. ಇರುವುದು ಒಬ್ಬರೇ, ಎರಡೂ ಕೈ ಗಿಟಾರ್ ಕತ್ತಿನ ಫ್ರೆಟ್‌ಬೋರ್ಡ್ ಮೇಲೆ. ಇನ್ನೂ ಹಿಂದೆ ಹೋದರೆ ಜಾನ್ ಫೇಹಿಯವರ ಟಕೋಮಾ ಲೇಬಲ್, ಅಲ್ಲಿಂದ 1969ರಲ್ಲಿ ಬಂದ ಲಿಯೋ ಕಾಟ್ಕಿ. ಅವರ ಹನ್ನೆರಡು ತಂತಿಯ ಓಟಕ್ಕೆ ಮೊದಲು ಉಸಿರು ಕಟ್ಟುತ್ತದೆ. ಎರಡನೇ ಸಲ ಕೇಳಿ, ಒಳಗಿನ ಟ್ಯೂನ್ ಹೊರಗೆ ಬರುತ್ತದೆ.

ಗುರುಪರಂಪರೆ ಹಿಡಿದರೂ ಹೀಗೆಯೇ. ಮರ್ಲ್ ಟ್ರಾವಿಸ್‌ರ ಹೆಬ್ಬೆರಳಿನ ಪಟ್ಟು ಚೆಟ್ ಆ್ಯಟ್ಕಿನ್ಸ್‌ಗೆ ಬಂತು, ಅವರಿಂದ ಟಾಮಿ ಇಮ್ಯಾನ್ಯುಯೆಲ್‌ಗೆ. ಚೆಟ್ ಮತ್ತು ಟಾಮಿ 1997ರಲ್ಲಿ ಒಟ್ಟಿಗೆ ಒಂದು ಆಲ್ಬಮ್ಮನ್ನೂ ಮಾಡಿದರು. ಹೆಬ್ಬೆರಳು ದಪ್ಪ ತಂತಿಗಳ ಮೇಲೆ ಅತ್ತಿಂದಿತ್ತ ಓಡಾಡಿ ತಾಳ ಹಿಡಿಯುತ್ತದೆ, ಉಳಿದ ಬೆರಳುಗಳು ತೆಳು ತಂತಿಗಳಲ್ಲಿ ಹಾಡುತ್ತವೆ. ಟಾಮಿಯ ವೇಗದ ತುಣುಕುಗಳಿಗೆ ಚಪ್ಪಾಳೆ ಜಾಸ್ತಿ. ನನಗೆ ನಿಧಾನದವೇ ಇಷ್ಟ.

ನಾಲ್ಕನೆಯದು ಟ್ಯೂನಿಂಗ್, ಅಂದರೆ ತಂತಿಗಳ ಶ್ರುತಿಯ, ಹೆಸರು ಹಾಕಿ ಹುಡುಕುವುದು. ಆರು ತಂತಿಗಳ ಸ್ವರಗಳೇ ಹೆಸರಾಗಿರುವ ಡಿ-ಎ-ಡಿ-ಜಿ-ಎ-ಡಿ ಅಂತ ಹಾಕಿದರೆ ಪಾಠಗಳೇ ಸುರಿಯುತ್ತವೆ, ಸಂಗೀತ ಕಡಿಮೆ. ನಡುವೆ ಗಿಟಾರ್ ವಾದಕ ಪಿಯರ್ ಬೆನ್ಸುಸನ್ ಸಿಕ್ಕಿದ್ದಕ್ಕೆ ಸುಮ್ನೆ ಸಹಿಸಿಕೊಂಡೆ. ಮಾಮೂಲಿ ಶ್ರುತಿಯಿಂದ ಮೂರು ತಂತಿಗಳನ್ನು ಒಂದೊಂದು ಸ್ವರ ಇಳಿಸಿದರೆ ಬರುವ ಈ ಶ್ರುತಿ ಪಾಶ್ಚಾತ್ಯ ಸಂಗೀತದ ಮೇಜರೂ ಅಲ್ಲ, ಮೈನರೂ ಅಲ್ಲ. ಬೆನ್ಸುಸನ್ ಅದನ್ನೇ ತಮ್ಮ ಮನೆ ಮಾಡಿಕೊಂಡಿದ್ದಾರೆ.

ಹುಡುಕೋದಕ್ಕೆ ಟೈಮೇ ಇಲ್ಲ ಅನ್ನುವವರು ಪ್ಲೇಲಿಸ್ಟ್ ಹಾಕಿಕೊಳ್ಳುವ ಬದಲು ಪ್ಯಾಟ್ ಮೆಥಿನಿಯವರ 2003ರ 'ಒನ್ ಕ್ವಯಟ್ ನೈಟ್' ಒಂದನ್ನೇ ಕೇಳಿ. ಜಾಝ್ ವಾದಕ ಎಂದು ಹೆದರಬೇಡಿ. ಹೆಚ್ಚಿನ ಭಾಗ ಮನೆಯಲ್ಲಿ ಒಬ್ಬರೇ ಕೂತು ಮಾಮೂಲಿಗಿಂತ ತಗ್ಗಿನ ಶ್ರುತಿಯ ಬ್ಯಾರಿಟೋನ್ ಗಿಟಾರ್‌ನಲ್ಲಿ ನುಡಿಸಿದ್ದು. ನಡುವಿನ ಎರಡು ತಂತಿಗಳನ್ನು ಒಂದು ಸ್ಥಾಯಿ ಮೇಲಕ್ಕೆ ಶ್ರುತಿ ಮಾಡಿದ್ದಾರೆ. ಅದಕ್ಕೇ ಅಷ್ಟು ತಗ್ಗಿನ ದನಿಯಲ್ಲೂ ಟ್ಯೂನ್ ಬಿಡಿಬಿಡಿಯಾಗಿ ಕೇಳುತ್ತದೆ.